ಠಾಣೆಗೆ ಬೇಕು ಹೊರಗಿನ ಕಣ್ಣು

ಪೊಲೀಸ್ ಠಾಣೆಗೆ ಮಾನ್ಯತೆ ಎಂದರೆ ಹೊಸ ಬಣ್ಣ, ಮುಂದೊಂದು ಕೈತೋಟ, ಗೋಡೆಗೆ ಐಎಸ್‌ಒ ಫಲಕ ಎಂಬ ತಿಳಿವಳಿಕೆ ಈಚೆಗೆ ಗಟ್ಟಿಯಾಗುತ್ತಿದೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದ ಠಾಣೆಗಳಿಗೆ ಅದರಿಂದ ಆಗಬೇಕಾದ ಉಪಕಾರ ಬೇರೆಯೇ ಇದೆ. 1862ರಲ್ಲಿ ಈ ತಾಲ್ಲೂಕುಗಳಿರುವ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. 1890ರ ಜಿಲ್ಲಾ ಪೊಲೀಸ್ ಕಾಯ್ದೆ, 1951ರ ಮುಂಬಯಿ ಪೊಲೀಸ್ ಕಾಯ್ದೆ, ಏಕೀಕರಣದ ಬಳಿಕ 1963ರ ನಮ್ಮದೇ ಕಾಯ್ದೆ ಒಂದರ ಹಿಂದೊಂದು ಬಂದವು. ಕಾಯ್ದೆ ಬದಲಾದರೂ ಠಾಣೆಯನ್ನು ಪರೀಕ್ಷಿಸುವವರು ಬದಲಾಗಲಿಲ್ಲ: ಅದೇ ಇಲಾಖೆಯ ಮೇಲಧಿಕಾರಿ, ಅದೇ ವಾರ್ಷಿಕ ಪರಿವೀಕ್ಷಣೆ.

1979ರಲ್ಲಿ ಅಮೆರಿಕದ ನಾಲ್ಕು ಪೊಲೀಸ್ ಸಂಘಟನೆಗಳು ಕೂಡಿ ‘ಕಲೀಯಾ’ ಎಂಬ ಮಾನ್ಯತಾ ಆಯೋಗ ಕಟ್ಟಿದವು. ಮಾನದಂಡಗಳು ಲಿಖಿತ, ಪರೀಕ್ಷಕರು ಹೊರಗಿನವರು, ಮಾನ್ಯತೆಗೆ ಅವಧಿ ಉಂಟು. ಅದೇ ವರ್ಷ ನಮ್ಮ ರಾಷ್ಟ್ರೀಯ ಪೊಲೀಸ್ ಆಯೋಗದ ಮೊದಲ ವರದಿಯೂ ಬಂತು. 1981ರ ವರೆಗೆ ಒಟ್ಟು ಎಂಟು ವರದಿಗಳು ಬಂದು ಕಪಾಟು ಸೇರಿದವು. ಅವಕ್ಕೆ ಜೀವ ಬಂದದ್ದು ಸುಪ್ರೀಂ ಕೋರ್ಟಿನ 2006ರ ಪ್ರಕಾಶ್ ಸಿಂಗ್ ತೀರ್ಪಿನಿಂದ. ಪೊಲೀಸ್ ಕಾಯ್ದೆಯ 2012ರ ತಿದ್ದುಪಡಿಯಿಂದ ಕರ್ನಾಟಕದಲ್ಲಿ ರಾಜ್ಯ ಭದ್ರತಾ ಆಯೋಗ, ದೂರು ಪ್ರಾಧಿಕಾರಗಳಿಗೆ ಕಾನೂನಿನ ನೆಲೆ ಸಿಕ್ಕಿತು. ಆದರೆ ದೂರು ಪ್ರಾಧಿಕಾರ ನೋಡುವುದು ತಪ್ಪು ನಡೆದ ಮೇಲೆ. ಮುಂಚಿತವಾಗಿ ನೋಡುವವರ ಜಾಗ ಖಾಲಿಯೇ ಉಳಿಯಿತು.

ಆ ಜಾಗಕ್ಕೆ ಬಂದದ್ದು ಕೇಂದ್ರ ಗೃಹ ಸಚಿವಾಲಯದ ಶ್ರೇಯಾಂಕ. 2020ರಲ್ಲಿ 16,671 ಠಾಣೆಗಳ ನಡುವೆ ಹತ್ತನ್ನು ಆರಿಸಲಾಯಿತು. ಒಳ್ಳೆಯ ಕೆಲಸವೇ, ಆದರೆ ಹತ್ತರ ಹೊರಗಿನ ಠಾಣೆಗೆ ತನ್ನ ಕೊರತೆ ಯಾವುದೆಂದು ಅದರಿಂದ ತಿಳಿಯುವುದಿಲ್ಲ. ಮಾನ್ಯತೆ ಕೇಳುವುದು ಕನಿಷ್ಠ ಮಟ್ಟವನ್ನು, ಅದನ್ನು ಪ್ರತಿ ಠಾಣೆಯೂ ಮುಟ್ಟಬಹುದು. ಮುದ್ದೆಮಾಲು ಕೋಣೆಯನ್ನೇ ನೋಡಿ. ವಶಪಡಿಸಿಕೊಂಡ ಗಾಂಜಾ ಪೊಟ್ಟಣಕ್ಕೆ ಆಸ್ತಿಪಟ್ಟಿಯ (ಪಿಎಫ್) ಸಂಖ್ಯೆ, ಪಂಚರ ಸಹಿ, ಅರಗಿನ ಮುದ್ರೆ, ತೂಕ ಇರಬೇಕು. ಮಹಜರಿನ ತೂಕಕ್ಕೂ ಪ್ರಯೋಗಾಲಯಕ್ಕೆ ಹೋದ ಪೊಟ್ಟಣದ ತೂಕಕ್ಕೂ ತಾಳೆಯಾಗದಿದ್ದರೆ ವರ್ಷಗಟ್ಟಲೆ ನಡೆದ ಪ್ರಕರಣ ಪಾಟೀಸವಾಲಿನಲ್ಲಿ ಬಿದ್ದುಹೋಗಬಹುದು. ಹೊರಗಿನವರು ಬಂದು ನಾಲ್ಕು ಪೊಟ್ಟಣ ತೆಗೆಸಿ ನೋಡುತ್ತಾರೆಂದು ಗೊತ್ತಿದ್ದರೆ ಆ ತಪ್ಪು ಕೋರ್ಟಿಗೆ ಹೋಗುವ ಮುನ್ನವೇ ಸಿಕ್ಕೀತು. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕಡ್ಡಾಯ ಮಾಡಿದ ಠಾಣೆಯ ಸಿಸಿಟಿವಿಗಳ ಮಾತೂ ಇದೇ. ಕ್ಯಾಮೆರಾ ಇದೆಯೇ ಎಂದಷ್ಟೇ ಅಲ್ಲ, ಅದರ ದೃಶ್ಯ ಉಳಿದಿದೆಯೇ ಎಂದೂ ಕೇಳಬೇಕು.

ಈ ಸೀಮೆಗೆ ಇದು ಇನ್ನೂ ಅಗತ್ಯ. 2003ರಲ್ಲಿ ಇಲ್ಲಿನ ಸಿದ್ದಿ ಸಮುದಾಯದವರು ಪರಿಶಿಷ್ಟ ಪಂಗಡಕ್ಕೆ ಸೇರಿದ ಮೇಲೆ ಅವರ ಮೇಲಿನ ದೌರ್ಜನ್ಯಕ್ಕೆ 1989ರ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುತ್ತದೆ: ಡಿವೈಎಸ್‌ಪಿ ದರ್ಜೆಯ ತನಿಖೆ, 60 ದಿನಗಳಲ್ಲಿ ದೋಷಾರೋಪ ಪಟ್ಟಿ. ಹಳಿಯಾಳ, ಮುಂಡಗೋಡದ ಕಾಡಂಚಿನ ಸಿದ್ದಿ ಮಹಿಳೆಯ ದೂರು ಮೊದಲ ದಿನವೇ ಸರಿಯಾದ ಕಲಮಿನಡಿ ದಾಖಲಾಯಿತೇ ಎಂಬುದಕ್ಕೆ ಶ್ರೇಯಾಂಕದ ಪಟ್ಟಿಯಲ್ಲಿ ಉತ್ತರವಿಲ್ಲ. ಮುಂಡಗೋಡದಲ್ಲಂತೂ 1966ರಿಂದ ನೆಲೆಸಿರುವ ಟಿಬೆಟನ್ನರೂ ಇದ್ದಾರೆ. ದೂರು ಕೊಟ್ಟವರಿಗೆ ಅರ್ಥವಾಗುವ ಭಾಷೆಯಲ್ಲಿ ಅದನ್ನು ಓದಿ ಹೇಳಿದರೇ ಎಂಬುದೂ ಮಾನದಂಡವಾಗಬೇಕು.

ಸಿಬ್ಬಂದಿಯೇ ಸಾಲದಿರುವಾಗ ಮತ್ತಷ್ಟು ಕಾಗದ ಏಕೆ ಎಂಬ ಆಕ್ಷೇಪ ನ್ಯಾಯವಾದದ್ದು. ಆದರೆ ಕೊರತೆಯನ್ನು ಠಾಣಾಧಿಕಾರಿ ಹೇಳಿದರೆ ಗೊಣಗಾಟವಾಗುತ್ತದೆ, ಹೊರಗಿನ ವರದಿ ಹೇಳಿದರೆ ಸರ್ಕಾರ ಉತ್ತರಿಸಬೇಕಾಗುತ್ತದೆ. ಮಾನ್ಯತೆ ಪಡೆದ ಅಮೆರಿಕದ ಇಲಾಖೆಗಳಲ್ಲೂ ದೌರ್ಜನ್ಯ ನಡೆದಿದೆ ಎಂಬ ಮಾತೂ ನಿಜ. ಅದಕ್ಕೇ ಕಡತಗಳ ಜೊತೆ ದೂರುದಾರರನ್ನೂ ಮಾತನಾಡಿಸುವ ಪರೀಕ್ಷಕರು ಬೇಕು, ಕೊಟ್ಟ ಮಾನ್ಯತೆಯನ್ನು ಹಿಂಪಡೆಯುವ ಅಧಿಕಾರ ಬೇಕು.

ಇಂಥದ್ದು ನಮ್ಮಲ್ಲಿ ಆಗದ ಕೆಲಸ ಎನ್ನುವವರು ಜೋಯಿಡಾದ ಕಾಡನ್ನೇ ನೋಡಲಿ. 2006ರಿಂದ ದೇಶದ ಹುಲಿ ಸಂರಕ್ಷಿತ ಪ್ರದೇಶಗಳ ನಿರ್ವಹಣೆಯನ್ನು ಸ್ವತಂತ್ರ ತಂಡಗಳು ನಾಲ್ಕು ವರ್ಷಕ್ಕೊಮ್ಮೆ ಅಳೆಯುತ್ತಿವೆ. 2007ರಲ್ಲಿ ದಾಂಡೇಲಿ-ಅಣಶಿಯಾಗಿ ಆರಂಭವಾಗಿ 2015ರಲ್ಲಿ ಹೆಸರು ಬದಲಿಸಿಕೊಂಡ ಕಾಳಿಯೂ ಅದರಲ್ಲಿ ಸೇರಿದೆ. 2021ರಲ್ಲಿ ಬಂಡೀಪುರ ಸೇರಿ ದೇಶದ 14 ಪ್ರದೇಶಗಳಿಗೆ ಅಂತರರಾಷ್ಟ್ರೀಯ ಮಾನ್ಯತೆಯೂ ದೊರೆಯಿತು. ಜೋಯಿಡಾದ ಕಾಡಿನಲ್ಲಿ ಅರಣ್ಯ ರಕ್ಷಕನ ಗಸ್ತನ್ನು ಹೊರಗಿನವರು ಬಂದು ನೋಡುತ್ತಾರೆ. ಅದೇ ತಾಲ್ಲೂಕಿನ ಕಾನ್‌ಸ್ಟೆಬಲ್‌ನ ಬೀಟ್ ಪುಸ್ತಕವನ್ನು ಇಲಾಖೆಯವರಲ್ಲದೆ ಬೇರೆ ಯಾರೂ ತೆರೆದು ನೋಡುವ ಏರ್ಪಾಡಿಲ್ಲ. 2012ರ ತಿದ್ದುಪಡಿಯ ಭದ್ರತಾ ಆಯೋಗಕ್ಕೆ ಈ ಕೆಲಸ ವಹಿಸಿ, ಮೊದಲ ಸರದಿಯನ್ನು ಈ ನಾಲ್ಕು ತಾಲ್ಲೂಕುಗಳ ಠಾಣೆಗಳಿಗೇ ಕೊಡಬಹುದು.