ಕೋಡ್ ತುಣುಕುಗಳ ಸಂಗ್ರಹ

ಕೋಡ್ ತುಣುಕುಗಳ ಸಂಗ್ರಹ ಎಂದರೆ ಜಾಲತಾಣ ನಿರ್ಮಾಣದಲ್ಲಿ ಪದೇ ಪದೇ ಬೇಕಾಗುವ ಚಿಕ್ಕ ಕೋಡ್ ಭಾಗಗಳನ್ನೂ, ತಂತ್ರಾಂಶವನ್ನು ಸ್ಥಾಪಿಸಿ ಹೊಂದಿಸುವ ಕ್ರಮದ ಟಿಪ್ಪಣಿಗಳನ್ನೂ ಮರುಬಳಕೆಗಾಗಿ ಒಂದೆಡೆ ಕೂಡಿಡುವುದು. ಡೇಟಾಬೇಸ್ ಸಂಪರ್ಕ, ಅರ್ಜಿ ನಮೂನೆಯ ಪರಿಶೀಲನೆ, ಪುಟದ ವಿನ್ಯಾಸ, ಸರ್ವರ್‌ನ ಆರಂಭಿಕ ಹೊಂದಾಣಿಕೆ ಮುಂತಾದವು ಇಂತಹ ಸಂಗ್ರಹಗಳಲ್ಲಿ ಸಾಮಾನ್ಯವಾಗಿರುತ್ತವೆ. ಕನ್ನಡ ಮತ್ತು ತುಳು ಜಾಲತಾಣಗಳಿಗೆ ಸಂಬಂಧಿಸಿದಂತೆ ಈ ಸಂಗ್ರಹಗಳಿಗೆ ವಿಶೇಷ ಮಹತ್ವವಿದೆ. ಅನ್ಯಭಾಷೆಯ ತಾಣಗಳಿಗಾಗಿ ಬರೆದ ತುಣುಕುಗಳು ಇಲ್ಲಿ ಹಲವು ವೇಳೆ ಸದ್ದಿಲ್ಲದೆ ವಿಫಲವಾಗುತ್ತವೆ.

ಸಂಗ್ರಹದ ವಿಧಾನ

ಸರಳ ಪಠ್ಯ ಕಡತವೇ ಅತ್ಯಂತ ಹಳೆಯ ಮತ್ತು ಇಂದಿಗೂ ಬಾಳಿಕೆ ಬರುವ ವಿಧಾನ. ವಿಷುವಲ್ ಸ್ಟುಡಿಯೋ ಕೋಡ್‌ನಂತಹ ಸಂಪಾದಕಗಳಲ್ಲಿ ತುಣುಕಿಗೆ ಒಂದು ಕಿರುಹೆಸರನ್ನು ಕೊಟ್ಟು, ಅದನ್ನು ಟೈಪಿಸಿದಾಗ ಪೂರ್ಣ ಕೋಡ್ ಮೂಡುವಂತೆ ಮಾಡಬಹುದು. ಲೀನಸ್ ಟೊರ್ವಾಲ್ಡ್ಸ್ 2005ರಲ್ಲಿ ರೂಪಿಸಿದ ಗಿಟ್ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯ ಇತಿಹಾಸವನ್ನೂ ಉಳಿಸುತ್ತದೆ.

ಬಂಟ್ವಾಳ ತಾಲೂಕಿನ ಬೆಂಜನಪದವು, ಬೆಳ್ತಂಗಡಿ ತಾಲೂಕಿನ ಉಜಿರೆ ಹಾಗೂ ಮೂಡುಬಿದಿರೆ ಸಮೀಪದ ಮಿಜಾರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬರೆಯುವ ಪ್ರಯೋಗಾಲಯದ ರೆಕಾರ್ಡ್ ಪುಸ್ತಕವನ್ನೂ ಒಂದು ಬಗೆಯ ತುಣುಕು ಸಂಗ್ರಹವೆಂದೇ ಪರಿಗಣಿಸಬಹುದು. ಆದರೆ ಅದರಲ್ಲಿ ಸಾಮಾನ್ಯವಾಗಿ ಪ್ರೋಗ್ರಾಂ ಮತ್ತು ಅದರ ಫಲಿತಾಂಶ ಮಾತ್ರ ಇರುತ್ತವೆ. ಯಾವ ತಂತ್ರಾಂಶದ ಯಾವ ಆವೃತ್ತಿಯಲ್ಲಿ, ಯಾವ ಹೊಂದಾಣಿಕೆಯೊಂದಿಗೆ ಅದು ನಡೆಯಿತು ಎಂಬುದನ್ನೂ ದಿನಾಂಕ ಸಹಿತ ಬರೆದಿಡುವುದು ಎಷ್ಟು ಅಗತ್ಯವೆಂದು ಮುಂದಿನ ಉದಾಹರಣೆಗಳಿಂದ ತಿಳಿಯುತ್ತದೆ.

ಕನ್ನಡ ಲಿಪಿ ಮತ್ತು ತುಣುಕುಗಳು

ಯುನಿಕೋಡ್‌ನಲ್ಲಿ ಕನ್ನಡಕ್ಕೆ ದಶಮಾನ ಪದ್ಧತಿಯಲ್ಲಿ 3200ರಿಂದ 3327ರ ವರೆಗಿನ 128 ಸ್ಥಾನಗಳನ್ನು ಮೀಸಲಿಡಲಾಗಿದೆ. ವ್ಯಂಜನ, ಸ್ವರಚಿಹ್ನೆ, ಅನುಸ್ವಾರ, ವಿರಾಮಚಿಹ್ನೆ (್) ಇವೆಲ್ಲಕ್ಕೂ ಪ್ರತ್ಯೇಕ ಸ್ಥಾನಗಳಿವೆ. ಆದುದರಿಂದ ಓದುಗನಿಗೆ ಮೂರು ಅಕ್ಷರಗಳಾಗಿ ಕಾಣುವ ‘ಬಂಟ್ವಾಳ’ ಗಣಕಕ್ಕೆ ಏಳು ಸಂಕೇತಗಳು. ‘ಬೆಳ್ತಂಗಡಿ’ ನಾಲ್ಕು ಅಕ್ಷರ, ಒಂಬತ್ತು ಸಂಕೇತ. ‘ಮೂಡುಬಿದಿರೆ’ ಐದು ಅಕ್ಷರ, ಹತ್ತು ಸಂಕೇತ. ಉದ್ದನೆಯ ಶೀರ್ಷಿಕೆಯನ್ನು ನಿಗದಿತ ಸಂಖ್ಯೆಗೆ ಕತ್ತರಿಸುವ ತುಣುಕನ್ನು ಹಾಗೆಯೇ ಬಳಸಿದರೆ, ನಾಲ್ಕಕ್ಕೆ ಕತ್ತರಿಸಿದ ‘ಬಂಟ್ವಾಳ’ವು ‘ಬಂಟ್’ ಎಂದು ಉಳಿಯುತ್ತದೆ.

ಹೆಸರನ್ನು ಪರಿಶೀಲಿಸುವ ತುಣುಕುಗಳದ್ದು ಇನ್ನೊಂದು ತೊಡಕು. ರೋಮನ್ ಅಕ್ಷರಗಳನ್ನು ಮಾತ್ರ ಒಪ್ಪುವ ಸೂತ್ರವು ಕನ್ನಡದ ಹೆಸರನ್ನು ತಪ್ಪೆಂದು ತಿರಸ್ಕರಿಸುತ್ತದೆ. ಯುನಿಕೋಡ್‌ನ ‘ಅಕ್ಷರ’ ವರ್ಗವನ್ನು ಸೇರಿಸಿದರೂ ಸಾಲದು, ಸ್ವರಚಿಹ್ನೆಗಳು ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುವುದರಿಂದ ಅದನ್ನೂ ಸೇರಿಸಬೇಕು. ಸಾಲುಗಳ ಎತ್ತರವನ್ನು ಇಂಗ್ಲಿಷ್‌ಗೆ ಹೊಂದುವಂತೆ ಕಿರಿದಾಗಿಸಿದ ವಿನ್ಯಾಸ ತುಣುಕುಗಳಲ್ಲಿ ಒತ್ತಕ್ಷರಗಳ ಕೆಳಭಾಗ ಮರೆಯಾಗುವುದುಂಟು.

ಮೈಎಸ್‌ಕ್ಯೂಎಲ್ ಮತ್ತು ತುಳು ಲಿಪಿ

ಹಳೆಯ ಸ್ಥಾಪನಾ ಟಿಪ್ಪಣಿಯಿಂದಾಗುವ ಹಾನಿಗೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಉತ್ತಮ ಉದಾಹರಣೆ. ಅದರಲ್ಲಿ ‘ಯುಟಿಎಫ್8’ ಎಂಬ ಹೆಸರಿನ ಹೊಂದಾಣಿಕೆಯು ಒಂದು ಸಂಕೇತಕ್ಕೆ ಗರಿಷ್ಠ 3 ಬೈಟ್‌ಗಳನ್ನು ಮಾತ್ರ ಕೊಡುತ್ತದೆ. ಕನ್ನಡದ ಪ್ರತಿ ಸಂಕೇತಕ್ಕೂ ಸರಿಯಾಗಿ 3 ಬೈಟ್ ಬೇಕಾಗುವುದರಿಂದ ಕನ್ನಡ ತಾಣಗಳಲ್ಲಿ ಈ ಕೊರತೆ ಕಾಣಿಸಿಕೊಳ್ಳಲೇ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಯುನಿಕೋಡ್ 16.0 ಆವೃತ್ತಿಗೆ ತುಳು-ತಿಗಳಾರಿ ಲಿಪಿಯ 80 ಸಂಕೇತಗಳು ಸೇರ್ಪಡೆಯಾದವು. ಇವುಗಳ ಸ್ಥಾನಗಳು 65,535ಕ್ಕಿಂತ ಮೇಲಿರುವುದರಿಂದ ಪ್ರತಿಯೊಂದಕ್ಕೂ 4 ಬೈಟ್ ಬೇಕು. ಹಳೆಯ ಹೊಂದಾಣಿಕೆಯಲ್ಲಿ ಇವನ್ನು ಸೇರಿಸಲು ಹೊರಟರೆ, ಕಟ್ಟುನಿಟ್ಟಿನ ಕ್ರಮ ಜಾರಿಯಲ್ಲಿದ್ದಾಗ ದೋಷ ಸಂದೇಶ ಬರುತ್ತದೆ. ಇಲ್ಲದಿದ್ದರೆ ಆ ಸಂಕೇತದಿಂದ ಮುಂದಿನ ಪಠ್ಯವೆಲ್ಲ ನಷ್ಟವಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ.

ಪರಿಹಾರವಾದ ‘ಯುಟಿಎಫ್8ಎಂಬಿ4’ 2010ರಿಂದಲೇ ಲಭ್ಯವಿದ್ದು, 2018ರ 8.0 ಆವೃತ್ತಿಯಲ್ಲಿ ಪೂರ್ವನಿಯೋಜಿತವಾಯಿತು. ಆದರೆ ಹಳೆಯ ಆವೃತ್ತಿಗಳಲ್ಲಿ ಸೂಚಿಯ ಮಿತಿ 767 ಬೈಟ್. 255 ಸಂಕೇತಗಳ ಕಾಲಂ 3 ಬೈಟ್‌ನ ಲೆಕ್ಕದಲ್ಲಿ 765 ಆಗಿ ಹಿಡಿಸುತ್ತದೆ, 4 ಬೈಟ್‌ನಲ್ಲಿ 1,020 ಆಗಿ ಮೀರುತ್ತದೆ. ವರ್ಡ್‌ಪ್ರೆಸ್ 2015ರಲ್ಲಿ ತನ್ನ 4.2ನೇ ಆವೃತ್ತಿಯ ಮೂಲಕ ಹೊಸ ಹೊಂದಾಣಿಕೆಗೆ ಬದಲಾದಾಗ ಸೂಚಿಯನ್ನು 191 ಸಂಕೇತಗಳಿಗೆ ಇಳಿಸಿದ್ದು ಇದೇ ಕಾರಣಕ್ಕೆ. ಹಲವೆಡೆ ಕಾಣಸಿಗುವ ಈ 191ರ ಹಿಂದಿನ ಲೆಕ್ಕವನ್ನು ಟಿಪ್ಪಣಿಯಲ್ಲಿ ಬರೆದಿಡದಿದ್ದರೆ ಮುಂದೆ ಅದನ್ನು ಓದುವವರಿಗೆ ಅದು ಒಗಟೇ ಸರಿ.

ವಿಕಿ ಟೆಂಪ್ಲೇಟುಗಳು

ವಿಕಿಪೀಡಿಯದ ಟೆಂಪ್ಲೇಟುಗಳು ಮತ್ತು 2013ರಿಂದ ಬಳಕೆಯಲ್ಲಿರುವ ಲುವಾ ಮಾಡ್ಯೂಲುಗಳು ಸಾರ್ವಜನಿಕ ತುಣುಕು ಸಂಗ್ರಹದಂತೆಯೇ ಕೆಲಸ ಮಾಡುತ್ತವೆ. 2016ರ ಆಗಸ್ಟ್‌ನಲ್ಲಿ ಪೂರ್ಣರೂಪದಲ್ಲಿ ಆರಂಭಗೊಂಡ ತುಳು ವಿಕಿಪೀಡಿಯದಂತಹ ಚಿಕ್ಕ ವಿಕಿಗಳು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗಿಲ್ಲ, ಇತರ ವಿಕಿಗಳಿಂದ ಪಡೆಯಬಹುದು. ಆದರೆ ಒಂದು ಮಾಹಿತಿಚೌಕವನ್ನು ಮಾತ್ರ ನಕಲಿಸಿ ಅದು ಅವಲಂಬಿಸಿರುವ ಮಾಡ್ಯೂಲನ್ನು ಬಿಟ್ಟರೆ ಪುಟದಲ್ಲಿ ಕೆಂಪು ದೋಷ ಸಂದೇಶ ಮೂಡುತ್ತದೆ. ಪುಟ ರಫ್ತು ಮಾಡುವಾಗ ಟೆಂಪ್ಲೇಟುಗಳನ್ನೂ ಸೇರಿಸುವ ಆಯ್ಕೆ ಇರುವುದು ಇದಕ್ಕಾಗಿಯೇ.

ಪರವಾನಗಿ ಮತ್ತು ಸುರಕ್ಷತೆ

ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಪ್ರಕಟವಾದ ಉತ್ತರಗಳು ಕ್ರಿಯೇಟಿವ್ ಕಾಮನ್ಸ್‌ನ ‘ಕರ್ತೃ ಉಲ್ಲೇಖ–ಸಮಾನ ಹಂಚಿಕೆ’ ಪರವಾನಗಿಯಡಿ ಲಭ್ಯವಿವೆ. ಅಲ್ಲಿಂದ ಪಡೆದ ತುಣುಕಿನೊಂದಿಗೆ ಮೂಲದ ಕೊಂಡಿ ಮತ್ತು ಕರ್ತೃವಿನ ಹೆಸರನ್ನು ದಾಖಲಿಸಬೇಕು. ಸ್ಥಾಪನಾ ಟಿಪ್ಪಣಿಗಳಲ್ಲಿ ಪಾಸ್‌ವರ್ಡ್ ಹಾಗೂ ಗುಪ್ತ ಕೀಲಿಗಳನ್ನು ಬರೆಯಬಾರದು. ಗಿಟ್‌ನಲ್ಲಿ ಒಮ್ಮೆ ಸೇರಿದ ಪಾಸ್‌ವರ್ಡ್ ಅನ್ನು ಅಳಿಸಿದರೂ ಹಿಂದಿನ ಆವೃತ್ತಿಗಳಲ್ಲಿ ಅದು ಉಳಿದಿರುತ್ತದೆ. ಅಂತಹ ಸಂದರ್ಭದಲ್ಲಿ ಪಾಸ್‌ವರ್ಡ್ ಅನ್ನೇ ಬದಲಾಯಿಸಬೇಕು.