ಆಟದಂಗಡಿಯಲ್ಲಿ ಕಲಿತ ಕಸಬು

‘ಮಗ ಕೈತಪ್ಪಿ ಹೋದ’ ಎಂದು ಹೆತ್ತವರು ನಿಟ್ಟುಸಿರು ಬಿಡಲು ಕಾಲಕ್ಕೊಂದು ಕಾರಣವಿರುತ್ತದೆ. ಒಮ್ಮೆ ನಾಟಕ ಕಂಪನಿ, ಇನ್ನೊಮ್ಮೆ ಸಿನಿಮಾ, ಮತ್ತೊಮ್ಮೆ ಇಸ್ಪೀಟು. 1970ರ ದಶಕದ ಕೊನೆಯ ಹೊತ್ತಿಗೆ ಜಪಾನಿನಲ್ಲಿ ಈ ಅಪಕೀರ್ತಿಯ ಪಟ್ಟ ವಿಡಿಯೊ ಗೇಮ್‌ಗೆ ದಕ್ಕಿತ್ತು. ಶಾಲೆ ತಪ್ಪಿಸಿ ಯಂತ್ರಕ್ಕೆ ನಾಣ್ಯ ಹಾಕುತ್ತ ನಿಲ್ಲುವ ಹುಡುಗರನ್ನು ಪೋಲಿಗಳ ಸಾಲಿಗೆ ಸೇರಿಸುವುದು ವಾಡಿಕೆಯಾಗಿತ್ತು.

ಹಾಗೆ ನಿಂತವರಲ್ಲಿ ಒಬ್ಬ ಹುಡುಗನ ಹೆಸರು ಸತೋಶಿ ತಾಜಿರಿ. ಮುಂದೆ ‘ಪೊಕೆಮಾನ್’ ಎಂಬ ಆಟವನ್ನು ರೂಪಿಸಿದವರು ಇವರೇ. ನಮ್ಮ ಮಕ್ಕಳು ಟಿ.ವಿ.ಯ ಕಾರ್ಟೂನಿನಲ್ಲಿ ಕಂಡ ಪಿಕಾಚುವಿನ ಮೂಲ ಈ ಆಟ. ಆಡಿದವರೆಲ್ಲ ತಾಜಿರಿ ಆಗುವುದಿಲ್ಲ, ನಿಜ. ಆದರೆ ಆಟದಿಂದ ದುಡಿಮೆಗೆ ಏನು ಕಲಿಯಬಹುದು ಎಂಬ ಪ್ರಶ್ನೆಗೆ ಅವರ ಬದುಕಿನಲ್ಲಿ ಉತ್ತರವಿದೆ.

ಕೊರತೆಯೇ ಸೊಗಸಾದಾಗ

1965ರಲ್ಲಿ ಹುಟ್ಟಿದ ತಾಜಿರಿ ಬೆಳೆದದ್ದು ಟೋಕಿಯೊ ಹೊರವಲಯದ ಮಾಚಿದಾದಲ್ಲಿ. ಗದ್ದೆ, ಹೊಂಡಗಳ ಸುತ್ತ ಹುಳುಗಳನ್ನು ಹಿಡಿದು ಕೂಡಿಡುವುದು ಬಾಲ್ಯದ ಹುಚ್ಚು. ಗೆಳೆಯರು ಅವನನ್ನು ‘ಹುಳುಗಳ ಡಾಕ್ಟರ್’ ಎಂದೇ ಕರೆಯುತ್ತಿದ್ದರು. ಊರು ಬೆಳೆಯಿತು. ಗದ್ದೆಗಳ ಜಾಗದಲ್ಲಿ ಕಟ್ಟಡಗಳೆದ್ದವು, ಅವುಗಳ ಜೊತೆ ಆಟದಂಗಡಿಗಳೂ ಬಂದವು. ಹುಡುಗನ ಕುತೂಹಲ ಹುಳುವಿನಿಂದ ಯಂತ್ರದತ್ತ ಹೊರಳಿತು.

ಅವನನ್ನು ಸೆಳೆದದ್ದು 1978ರಲ್ಲಿ ತೈತೊ ಕಂಪನಿ ಹೊರತಂದ ‘ಸ್ಪೇಸ್ ಇನ್ವೇಡರ್ಸ್’. ಸಾಲುಗಟ್ಟಿ ಮೇಲಿನಿಂದ ಇಳಿದು ಬರುವ 55 ಶತ್ರುಗಳನ್ನು ಕೆಳಗಿನಿಂದ ಗುಂಡು ಹಾರಿಸಿ ಉರುಳಿಸಬೇಕು. ಶತ್ರುಗಳು ಕಡಿಮೆಯಾದಂತೆ ಉಳಿದವರ ವೇಗ ಹೆಚ್ಚುತ್ತದೆ, ಆಡುವವನ ಎದೆಬಡಿತವೂ ಹೆಚ್ಚುತ್ತದೆ!

ಈ ವೇಗದ ಹಿಂದೆ ಒಂದು ಸ್ವಾರಸ್ಯವಿದೆ. ಇದನ್ನು ರೂಪಿಸಿದ ತೊಮೊಹಿರೊ ನಿಶಿಕಾದೊ ಅಂಥದೊಂದು ಯೋಜನೆ ಹಾಕಿಕೊಂಡಿರಲಿಲ್ಲ. ಅಂದಿನ ಯಂತ್ರದ ಶಕ್ತಿ ಬಹಳ ಕಡಿಮೆ. ತೆರೆಯ ಮೇಲೆ ಚಿತ್ರಗಳು ಹೆಚ್ಚಿದ್ದರೆ ಅದು ತಡವರಿಸುತ್ತಿತ್ತು, ಕಡಿಮೆಯಾದಂತೆ ಚುರುಕಾಗುತ್ತಿತ್ತು. ನಿಶಿಕಾದೊ ಆ ಕೊರತೆಯನ್ನು ತಿದ್ದಲು ಹೋಗದೆ ಆಟದ ಸೊಗಸನ್ನಾಗಿ ಉಳಿಸಿಕೊಂಡರು. ಕೈಯಲ್ಲಿರುವ ಸಲಕರಣೆಯ ಮಿತಿಯನ್ನು ಅರಿತು ಅದರಲ್ಲೇ ದಾರಿ ಕಾಣುವುದು ಯಾವ ಕಸಬಿಗಾದರೂ ಮೊದಲ ಪಾಠ.

ಕೈಬರಹದ ಪತ್ರಿಕೆ

ಸಾವಿರಾರು ಹುಡುಗರು ಅದೇ ಯಂತ್ರದ ಮುಂದೆ ನಿಂತು, ನಾಣ್ಯ ಮುಗಿದ ಮೇಲೆ ಮನೆಗೆ ಹೋದರು. ತಾಜಿರಿ ಮನೆಗೆ ಹೋಗಿ ಬರೆಯಲು ಕುಳಿತರು. 1983ರಲ್ಲಿ, ತಮ್ಮ ಹದಿನೇಳನೆಯ ವಯಸ್ಸಿನಲ್ಲಿ, ‘ಗೇಮ್ ಫ್ರೀಕ್’ ಎಂಬ ಪತ್ರಿಕೆ ಶುರು ಮಾಡಿದರು. ಕೈಯಲ್ಲಿ ಬರೆದು, ನಕಲು ತೆಗೆದು, ಪಿನ್ ಹೊಡೆದ ಹಾಳೆಗಳು ಅವು. ಯಾವ ಆಟವನ್ನು ಗೆಲ್ಲುವುದು ಹೇಗೆ, ಅದರಲ್ಲಿ ಅಡಗಿರುವ ಗುಟ್ಟೇನು ಎಂಬ ವಿವರಗಳೇ ಅದರ ತಿರುಳು. ಅಂಗಡಿಯೊಂದರಲ್ಲಿ ಈ ಪತ್ರಿಕೆಯನ್ನು ಕಂಡ ಕೆನ್ ಸುಗಿಮೊರಿ ಎಂಬ ತರುಣ ಚಿತ್ರ ಬರೆಯಲು ಜೊತೆಗೂಡಿದರು. ಪೊಕೆಮಾನ್ ಜೀವಿಗಳಿಗೆ ಮುಂದೆ ರೂಪ ಕೊಟ್ಟವರಲ್ಲಿ ಇವರೇ ಪ್ರಮುಖರು.

ಆಟ ಕಸಬಾಗಿ ಬದಲಾದದ್ದು ಇಲ್ಲಿಯೇ. ಆಡುವವನಿಗೆ ಗೆದ್ದರೆ ಸಾಕು. ಗೆಲ್ಲುವುದು ಹೇಗೆಂದು ಇನ್ನೊಬ್ಬರಿಗೆ ತಿಳಿಸಬೇಕಾದವನು ಆಟದ ಒಳಗಟ್ಟನ್ನೇ ಬಿಚ್ಚಿ ನೋಡಬೇಕಾಗುತ್ತದೆ. ಯಾವ ಆಟ ಏಕೆ ರುಚಿಸುತ್ತದೆ, ಯಾವುದು ಏಕೆ ಸಪ್ಪೆ ಎಂದು ವರ್ಷಗಟ್ಟಲೆ ಬರೆದ ತಂಡ, ಒಳ್ಳೆಯ ಆಟಗಳೇ ಕಡಿಮೆ, ನಾವೇ ಏಕೆ ಮಾಡಬಾರದು ಎಂಬ ತೀರ್ಮಾನಕ್ಕೆ ಬಂದಿತು. ತಾಜಿರಿ ಮನೆಯ ಗೇಮ್ ಯಂತ್ರವನ್ನು ಬಿಚ್ಚಿ ಅದರ ಕಾರ್ಯವಿಧಾನ ಕಲಿತರು. 1989ರಲ್ಲಿ ಪತ್ರಿಕೆಯ ಹೆಸರಿನಲ್ಲೇ ಕಂಪನಿ ಹುಟ್ಟಿತು.

ಬಾರದ ಅಂಕ

ನಿಂಟೆಂಡೊ ಕಂಪನಿ 1989ರಲ್ಲಿ ‘ಗೇಮ್ ಬಾಯ್’ ಎಂಬ ಅಂಗೈ ಯಂತ್ರವನ್ನು ತಂದಿತ್ತು. ಎರಡು ಯಂತ್ರಗಳನ್ನು ಒಂದು ಕೇಬಲ್‌ನಿಂದ ಜೋಡಿಸಿ ಇಬ್ಬರು ಸ್ಪರ್ಧೆ ನಡೆಸಬಹುದಾಗಿತ್ತು. ತಾಜಿರಿಗೆ ಆ ಕೇಬಲ್ ಮೇಲೆ ಹುಳುವೊಂದು ಈ ಯಂತ್ರದಿಂದ ಆ ಯಂತ್ರಕ್ಕೆ ಹರಿದು ಹೋದಂತೆ ಕಂಡಿತು. ಸ್ಪರ್ಧೆಯ ತಂತಿ ಅವರ ಕಣ್ಣಿಗೆ ವಿನಿಮಯದ ತಂತಿಯಾಯಿತು! ಬಾಲ್ಯದ ಹುಳು ಸಂಗ್ರಹವೇ ಆಟದ ಬೀಜವಾಯಿತು.

1990ರಲ್ಲಿ ಆರಂಭವಾದ ಕೆಲಸ ಮುಗಿದದ್ದು 1996ರ ಫೆಬ್ರವರಿಯಲ್ಲಿ. ಈ ಆರು ವರ್ಷಗಳಲ್ಲಿ ಹಣ ಬತ್ತಿತು, ಕೆಲವರು ಕೆಲಸ ಬಿಟ್ಟರು, ತಾಜಿರಿ ತಮಗೆಂದು ಸಂಬಳ ತೆಗೆದುಕೊಳ್ಳಲಿಲ್ಲ. ಕೊನೆಗೆ ‘ಕೆಂಪು’ ಮತ್ತು ‘ಹಸಿರು’ ಎಂಬ ಎರಡು ಆವೃತ್ತಿಗಳು ಹೊರಬಂದವು. ಒಂದರಲ್ಲಿ ಸಿಗುವ ಕೆಲವು ಜೀವಿಗಳು ಇನ್ನೊಂದರಲ್ಲಿ ಸಿಗುವುದಿಲ್ಲ. ಹೀಗಾಗಿ ಯಾರೂ ಒಬ್ಬರೇ ಆಡಿ ಸಂಗ್ರಹವನ್ನು ಪೂರ್ತಿ ಮಾಡುವಂತಿಲ್ಲ, ಗೆಳೆಯನ ಬಳಿ ಹೋಗಲೇಬೇಕು.

ಕೆಲಸದ ಮನೆಯ ಪಾಠವೂ ಇದೇ. ಇದಕ್ಕೆ ಸತೊರು ಇವಾತಾ ಉದಾಹರಣೆ. 1993ರಲ್ಲಿ, 33ನೇ ವಯಸ್ಸಿನಲ್ಲಿ, ಸಾಲದಲ್ಲಿ ಮುಳುಗಿದ್ದ ಹಾಲ್ ಲ್ಯಾಬೊರೇಟರಿ ಎಂಬ ಕಂಪನಿಯ ಅಧ್ಯಕ್ಷರಾದವರು ಅವರು. ಪ್ರತಿಯೊಬ್ಬ ನೌಕರನೊಂದಿಗೂ ಕುಳಿತು ಮಾತನಾಡಿ ಕಂಪನಿಯನ್ನು ಮೇಲೆತ್ತಿದರು. ಗೇಮ್ ಫ್ರೀಕ್ ಅವರ ಸಂಸ್ಥೆಯಲ್ಲ. ಆದರೂ ಪೊಕೆಮಾನ್‌ನ ಕಾಳಗದ ಪ್ರೋಗ್ರಾಮನ್ನು ತಾವೇ ಓದಿ, ಸುಮಾರು ಒಂದು ವಾರದಲ್ಲಿ ಬೇರೊಂದು ಯಂತ್ರಕ್ಕೆ ಅಳವಡಿಸಿಕೊಟ್ಟರು. 2002ರಲ್ಲಿ ನಿಂಟೆಂಡೊದ ಅಧ್ಯಕ್ಷರಾದ ಇವಾತಾ 2015ರಲ್ಲಿ ತೀರಿಕೊಂಡರು. ತಮ್ಮ ವಿಸಿಟಿಂಗ್ ಕಾರ್ಡಿನಲ್ಲಿ ಏನೇ ಇರಲಿ, ಹೃದಯದಲ್ಲಿ ತಾವು ಆಟಗಾರ ಎಂದು ಅವರು 2005ರ ಭಾಷಣವೊಂದರಲ್ಲಿ ಹೇಳಿಕೊಂಡಿದ್ದರು.

ಆಟ ಕಲಿಸದ ಪಾಠ

ಇಷ್ಟಕ್ಕೇ ಮಾತು ಮುಗಿಸಿದರೆ ಅರ್ಧಸತ್ಯವಾದೀತು. ಆಟದಲ್ಲಿ ಸೋತರೆ ಹೋಗುವುದು ಒಂದು ನಾಣ್ಯ, ಬದುಕಿನಲ್ಲಿ ಸೋತರೆ ಮನೆ ಬಾಡಿಗೆ. ಆಟದ ನಿಯಮ ನಡುವೆ ಬದಲಾಗುವುದಿಲ್ಲ, ನೌಕರಿಯ ನಿಯಮ ಬೆಳಗಾಗುವುದರೊಳಗೆ ಬದಲಾಗಬಹುದು. ಆಟದಲ್ಲಿ ಪ್ರತಿ ಹೊಡೆತಕ್ಕೂ ಆಗಿಂದಾಗ್ಗೆ ಅಂಕ ಸಿಗುತ್ತದೆ. ತಾಜಿರಿಗೆ ಆರು ವರ್ಷ ಒಂದು ಅಂಕವೂ ಸಿಗಲಿಲ್ಲ.

ಆ ವರ್ಷಗಳಲ್ಲಿ ಅವರ ಹೊಟ್ಟೆ ತುಂಬಿಸಿದ್ದು ಯಾರು? ಅವರ ತಂದೆಯ ಸಂಪಾದನೆ. ಮಗನ ಆಟದ ಹುಚ್ಚು ಕಂಡು ದಿಗಿಲುಗೊಂಡು, ವಿದ್ಯುತ್ ಕಂಪನಿಯಲ್ಲಿ ಕೆಲಸ ಕೊಡಿಸಲು ಹೊರಟಿದ್ದ ಅದೇ ತಂದೆ! ಮಗ ಆ ಕೆಲಸಕ್ಕೆ ಹೋಗಲಿಲ್ಲ, ತಂದೆ ಕೈಬಿಡಲಿಲ್ಲ. ಪೊಕೆಮಾನ್‌ನ ಯಶಸ್ಸಿನ ಕಥೆ ಹೇಳುವವರು ಈ ಮಾತನ್ನು ಮರೆಯಬಾರದು. ಆಸರೆ ಇಲ್ಲದೆ ಅದೇ ಹಾದಿ ಹಿಡಿದ ಎಷ್ಟೋ ಪ್ರತಿಭೆಗಳು ನಡುವೆಯೇ ನಿಂತಿರಬಹುದು.

ಇಂದು ಆಟದಂಗಡಿ ಪ್ರತಿ ಮಗುವಿನ ಅಂಗೈಗೇ ಬಂದಿದೆ. ಎಷ್ಟು ಹೊತ್ತು ಆಡಿದೆ ಎಂದು ಗದರುವುದು ಹೆತ್ತವರ ಹಕ್ಕು, ಕರ್ತವ್ಯ ಕೂಡ. ಅದರ ಜೊತೆಗೆ, ‘ಆ ಆಟ ಹೇಗೆ ನಡೆಯುತ್ತದೆ? ನನಗೂ ತಿಳಿಯುವ ಹಾಗೆ ಬರೆದು ತೋರಿಸು’ ಎಂದು ಕೇಳಿ ನೋಡಬೇಕು. ಮಗು ಪೆನ್ಸಿಲು ಹುಡುಕಿಕೊಂಡು ಬಂದರೆ, ಆಡಿದ ಹೊತ್ತು ಪೂರಾ ವ್ಯರ್ಥವಾಗಿಲ್ಲ ಎಂದೇ ಅರ್ಥ.