ಬೀದರ ಸೀಮೆಯ ಆಡುಮಾತಿನಲ್ಲಿ ಗೆಳೆತನದ ಪದಗಳು

ಶಾಸನ, ನಾಣ್ಯ, ದಫ್ತರಗಳಿಗೆ ಚರಿತ್ರಕಾರರು ಸಲ್ಲಿಸುವ ಮನ್ನಣೆಯು ಜನರ ಬಾಯಿಮಾತಿಗೆ ದೊರೆಯುವುದು ವಿರಳ. ಆದರೆ ಅರಸರು ಬರೆಯಿಸದೆ ಬಿಟ್ಟ ಸಂಗತಿಗಳು ಎಷ್ಟೋ ವೇಳೆ ಮಾತಿನಲ್ಲಿಯೇ ಉಳಿದು ಬಂದಿರುತ್ತವೆ. ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಗೆಳೆಯನನ್ನು ಕುರಿತು ಹೇಳುವ ಸಲಿಗೆಯ ಪದಗಳನ್ನು ಈ ದೃಷ್ಟಿಯಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಈ ಸೀಮೆಯ ಸಂತೆಗಳಲ್ಲಿ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗುಗಳು ಒಟ್ಟಿಗೆ ಕೇಳಿಬರುತ್ತವೆ. ಬೀದರದ ಮಗ್ಗುಲಲ್ಲಿರುವ ಕೊಳಾರದ ಕೈಗಾರಿಕಾ ಪ್ರದೇಶದಲ್ಲಿಯೂ ಹಾಗೆಯೇ. ಇಲ್ಲಿ ‘ಗೆಳೆಯ’ನ ಜೊತೆಗೆ ‘ದೋಸ್ತ’ನೂ ‘ಯಾರ’ನೂ ಇದ್ದಾರೆ, ಮರಾಠಿಯ ನೆರೆಯಿಂದ ‘ಸೋಬತಿ’ಯೂ ಬಂದಿದ್ದಾನೆ.

ಇವುಗಳಲ್ಲಿ ‘ಗೆಳೆಯ’ ಎಂಬುದು ಅಚ್ಚ ದ್ರಾವಿಡ ಪದ. ಹಳಗನ್ನಡದ ಕೆಳೆ, ಕೆಳೆಯ, ಕೆಳದಿ ಎಂಬ ರೂಪಗಳು ಇದರ ಪೂರ್ವರೂಪಗಳು. ತಮಿಳಿನ ‘ಕೇಳ್’, ‘ಕಿಳೈ’ ಎಂಬ ಜ್ಞಾತಿಪದಗಳಿಗೆ ಬಂಧುಬಳಗವೆಂಬ ಅರ್ಥವಿರುವುದರಿಂದ, ಬಂಧುತ್ವದ ಭಾವನೆಯೂ ಗೆಳೆತನದ ಭಾವನೆಯೂ ಮೊದಲಿಗೆ ದೂರವಾಗಿರಲಿಲ್ಲವೆಂದು ಊಹಿಸಬಹುದು. ಸಂಸ್ಕೃತದಿಂದ ಬಂದ ‘ಸ್ನೇಹ’ಕ್ಕೆ ಎಣ್ಣೆಯ ಜಿಡ್ಡು ಎಂಬ ಅರ್ಥವೂ ಉಂಟು. ‘ಮಿತ್ರ’ ಪದದ ಅವೆಸ್ತಾ ಭಾಷೆಯ ರೂಪಕ್ಕಾದರೋ ಒಪ್ಪಂದವೆಂಬ ಅರ್ಥವಿದೆ. ಬಂಧುತ್ವ, ಅಂಟು, ಒಪ್ಪಂದ—ಮೂರು ಪದಗಳು ಮೂರು ದಾರಿಗಳಿಂದ ಒಂದೇ ಅರ್ಥವನ್ನು ಬಂದು ಸೇರಿವೆ.

‘ದೋಸ್ತ’ ಪಾರಸಿಯದು. ಕ್ರಿ. ಪೂ. 522ರಿಂದ 486ರವರೆಗೆ ಆಳಿದ ಡೇರಿಯಸ್ ದೊರೆಯ ಶಾಸನಗಳಲ್ಲಿಯೇ ಇದರ ಪ್ರಾಚೀನ ರೂಪವು ದೊರೆಯುತ್ತದೆ. ಪ್ರೀತಿಪಡು, ಸವಿ ಎಂಬ ಅರ್ಥದ ಸಂಸ್ಕೃತದ ‘ಜುಷ್’ ಧಾತುವಿಗೆ ಇದು ಸಜಾತೀಯ. ಆದುದರಿಂದ ‘ದೋಸ್ತ’ನನ್ನು ಪರಕೀಯನೆಂದು ದೂರವಿಡುವವರು, ತಾವು ಆದರಿಸುವ ಸಂಸ್ಕೃತದ ಮನೆತನಕ್ಕೇ ಅವನು ದಾಯಾದಿಯೆಂಬುದನ್ನು ನೆನೆಯಬೇಕು. ‘ಯಾರ’ ಎಂಬುದೂ ಪಾರಸಿಯೇ. ಮೂಲದಲ್ಲಿ ಅದಕ್ಕೆ ನೆರವಾಗುವವನೆಂದು ಅರ್ಥ. ‘ಸೋಬತಿ’ಯ ಮೂಲವು ಒಡನಾಟವೆಂಬರ್ಥದ ಅರಬಿ ‘ಸುಹ್ಬತ್’.

ಈ ಪದಗಳು ಇಲ್ಲಿಗೆ ಬಂದ ಬಗೆ ಯಾವುದು? 15ನೆಯ ಶತಮಾನದ ಪೂರ್ವಾರ್ಧದಲ್ಲಿ ಬಹಮನಿ ಅರಸ ಅಹ್ಮದ್ ಶಹನು ಕಲಬುರ್ಗಿಯಿಂದ ಬೀದರಕ್ಕೆ ರಾಜಧಾನಿಯನ್ನು ಬದಲಾಯಿಸಿದನು. ಗೀಲಾನಿನಿಂದ ಬಂದ ಮಹಮೂದ್ ಗವಾನನು 1472ರಲ್ಲಿ ಇಲ್ಲಿ ಮದರಸವನ್ನು ಕಟ್ಟಿಸಿದನು. ಪಾರಸಿಯು ಆಸ್ಥಾನದ ಭಾಷೆಯಾಗಿದ್ದಿತು. ಆದರೆ ಸಲಿಗೆಯ ಪದಗಳು ಆಸ್ಥಾನದಿಂದ ನೇರವಾಗಿ ಹೊಲಕ್ಕೆ ಇಳಿದವೆಂದು ಹೇಳಲಾಗದು. ‘ಲಂಗೋಟಿ ಯಾರ’ ಎಂಬ ಮಾತನ್ನೇ ನೋಡಿರಿ. ಲಂಗೋಟಿಯ ಪ್ರಾಯದಿಂದ ಒಡನಾಡಿದವನೆಂದು ಇದರ ಅರ್ಥ. ಇದರ ಪೂರ್ವಪದವು ಭಾರತದ್ದು, ಉತ್ತರಪದವು ಪಾರಸಿಯದು. ಇಂತಹ ಸಮಾಸವು ಈ ನೆಲದ ಓಣಿಗಳಲ್ಲಿ ಹುಟ್ಟಬೇಕೇ ಹೊರತು ಇರಾನಿನಲ್ಲಿ ಅಲ್ಲ. ‘ದೋಸ್ತಿ ಮಾಡು’ ಎಂಬ ಪ್ರಯೋಗವೂ ದಖನಿಯ ಅಚ್ಚಿನದೇ. ಆದ ಕಾರಣ ದಂಡು, ಪೇಟೆ, ಕಚೇರಿಗಳ ದಖನಿಯ ಮೂಲಕ ಇವು ಕನ್ನಡವನ್ನು ಸೇರಿದುವೆಂಬುದು ನಮ್ಮ ಅಭಿಪ್ರಾಯ. ಒಮ್ಮೆ ಸೇರಿದ ಮೇಲೆ ಅವು ಕನ್ನಡದ ಪ್ರತ್ಯಯಗಳನ್ನೇ ಹೊತ್ತವು: ದೋಸ್ತರು, ದೋಸ್ತನಿಗೆ, ದೋಸ್ತನ ಮನೆ.

ಒಂದೇ ಪದವು ಮೇಲೂ ಕೆಳಗೂ ಸಂಚರಿಸಿದ್ದುಂಟು. ನಿಜಾಮರ ಆಳ್ವಿಕೆಯಲ್ಲಿ ‘ಯಾರ್ ಜಂಗ್’ ಎಂಬುದು ಗಣ್ಯರ ಬಿರುದುಗಳ ಉತ್ತರಾಂಗ. ಬಹಾದುರ್ ಯಾರ್ ಜಂಗ್ ಎಂಬ ಹೆಸರು ಇದಕ್ಕೆ ನಿದರ್ಶನ. ಬ್ರಿಟಿಷರ ನಿಷ್ಠಾವಂತ ಮಿತ್ರನೆಂದು ಮೀರ್ ಉಸ್ಮಾನ್ ಅಲಿ ಖಾನನಿಗೆ ದೊರೆತ ‘ಯಾರ್-ಎ-ವಫಾದಾರ್’ ಬಿರುದಿನಲ್ಲಿಯೂ ಅದೇ ಪದ. ಇತ್ತ ಆಡುಮಾತಿನಲ್ಲಿ, ಹೆಂಗಸಿನ ಸಂಬಂಧದಲ್ಲಿ ಹೇಳಿದಾಗ, ‘ಯಾರ’ನು ವಿಟನಾಗಿಬಿಡುತ್ತಾನೆ. ‘ಕೆಳೆ’ಯ ರೂಪಾಂತರವಾದ ‘ಗೆಣೆ’ಯಿಂದ ಬಂದ ‘ಗೆಣೆಯ’, ‘ಗೆಣೆಕಾರ’ ಪದಗಳಿಗೂ ಇದೇ ಗತಿ ಒದಗಿತು. ಗಂಡುಹೆಣ್ಣಿನ ಗೆಳೆತನವನ್ನು ಸಮಾಜವು ಶಂಕಿಸಿದುದರ ಗುರುತು ಎರಡು ಭಾಷಾಕುಲಗಳ ಪದಗಳ ಮೇಲೂ ಒಂದೇ ರೀತಿ ಬಿದ್ದಿದೆ.

ಪದಗಳು ಬೆರೆತುವೆಂದ ಮಾತ್ರಕ್ಕೆ ಜನರು ಸದಾ ಸೌಹಾರ್ದದಿಂದ ಬಾಳಿದರೆಂದು ನಿರ್ಣಯಿಸುವುದು ಅವಸರದ ಕೆಲಸ. ಆಫಾಕಿ–ದಖನಿ ಪಂಗಡಗಳ ಕಲಹದಲ್ಲಿ ಗವಾನನೇ 1481ರಲ್ಲಿ ತಲೆಯೊಪ್ಪಿಸಿದನು. 1948ರಲ್ಲಿ ಮೊದಲು ರಜಾಕಾರರ ಹಾವಳಿಯಿಂದಲೂ, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ತರುವಾಯ ಮುಸಲ್ಮಾನರ ಮೇಲೆ ನಡೆದ ಪ್ರತೀಕಾರದಿಂದಲೂ ಈ ಸೀಮೆ ನೊಂದಿತು. ಪಂಡಿತ ಸುಂದರಲಾಲ್ ಸಮಿತಿಯು ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳಲ್ಲಿ ಬೀದರವನ್ನೂ ಎಣಿಸಿತು. ಆ ದಿನಗಳಲ್ಲಿ ‘ದೋಸ್ತ’ ಎಂಬ ಪದವು ಯಾರನ್ನೂ ತಾನಾಗಿ ಕಾಯಲಿಲ್ಲ. ಪದವು ಒಡನಾಟಕ್ಕೆ ಸಾಕ್ಷಿ, ಒಲವಿಗೆ ಅಲ್ಲ.

ಹಾಗಿದ್ದರೂ 1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆಯು ಭಾಷೆಯ ಆಧಾರದ ಮೇಲೆ ಹಂಚಿಹೋಗಿ, ಉದಗೀರ, ನಿಲಂಗಾಗಳು ಮರಾಠಿ ಸೀಮೆಗೆ ಸೇರಿದಾಗ, ಈ ಪದಗಳು ಹಂಚಿಹೋಗಲಿಲ್ಲ. ಗಡಿಯ ಎರಡು ಕಡೆಯಲ್ಲಿಯೂ ದೋಸ್ತನು ದೋಸ್ತನಾಗಿಯೇ ಉಳಿದನು. 2018ರಲ್ಲಿ ಬೆಂಗಳೂರಿನಲ್ಲಿ ರಚಿತವಾದ ಮೈತ್ರಿ ಸರಕಾರವನ್ನು ಕನ್ನಡ ಪತ್ರಿಕೆಗಳು ‘ದೋಸ್ತಿ ಸರಕಾರ’ವೆಂದೇ ಕರೆದುವು, ಗಡಿನಾಡಿನದೆಂದು ಕಾಣುವ ಪದವು ರಾಜಧಾನಿಯ ಅಚ್ಚುಮೊಳೆಗೂ ಬೇಕಾಯಿತು.

ವಿದ್ಯಾರ್ಥಿಯ ಬರಹದಲ್ಲಿ ‘ದೋಸ್ತ’ ಕಂಡೊಡನೆ ಅಶುದ್ಧವೆಂದು ಗೆರೆಯೆಳೆಯುವ ಅಧ್ಯಾಪಕರು ಇಷ್ಟನ್ನು ಯೋಚಿಸಬೇಕೆಂದು ನಮ್ಮ ಬಿನ್ನಹ. ಗ್ರಂಥಭಾಷೆಗೆ ‘ಗೆಳೆಯ’ನೇ ಒಪ್ಪಬಹುದು. ಆದರೆ ಈ ಸೀಮೆಯ ಹುಡುಗನಿಗೆ ಅವನ ಮನೆಮಾತು ತಪ್ಪೆಂದು ಕಲಿಸಿದರೆ, ಅವನ ಊರಿನ ಐದಾರು ಶತಮಾನಗಳ ಚರಿತ್ರೆಯನ್ನೇ ತಪ್ಪೆಂದು ಕಲಿಸಿದಂತಾಗುತ್ತದೆ.